ಆರ್ಮ್ ಚಿಪ್ ಮತ್ತು ಬಡತನದ ಕಥೆ

ಬಡತನ ಬುದ್ಧಿಯನ್ನು ಹರಿತಗೊಳಿಸುತ್ತದೆ ಎಂಬ ಮಾತು ನಮ್ಮ ಚರ್ಚಾಸ್ಪರ್ಧೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಚಪ್ಪಾಳೆ ಗಿಟ್ಟಿಸುತ್ತದೆ. ಈಗ ಅದಕ್ಕೊಂದು ಹೊಸ ದೃಷ್ಟಾಂತವೂ ದೊರೆತಿದೆ. ನಮ್ಮ ಮೊಬೈಲಿನೊಳಗೆ ಅಡಗಿ ಕುಳಿತು ಒಂದು ಸಲದ ಚಾರ್ಜಿನಲ್ಲಿ ದಿನವಿಡೀ ದುಡಿಯುವ 'ಆರ್ಮ್' ಪ್ರೊಸೆಸರು ಹಣವೂ ಜನವೂ ಇಲ್ಲದ ಒಂದು ಸಣ್ಣ ಕಂಪನಿಯಲ್ಲಿ ಹುಟ್ಟಿತಂತೆ. ಆದುದರಿಂದಲೇ ಅದಕ್ಕೆ ಅಷ್ಟು ಕಡಮೆ ವಿದ್ಯುತ್ತು ಸಾಕಂತೆ. ಈ ಕಥೆಯಲ್ಲಿ ಅರ್ಧ ನಿಜವಿದೆ. ಆದರೆ ಉಳಿದರ್ಧವನ್ನು ನುಂಗಿಕೊಂಡು ಹೇಳಿದರೆ, ಪುಸ್ತಕಕ್ಕೂ ಪ್ರಯೋಗಶಾಲೆಗೂ ಹಣ ಕೊಡಲು ಕೈ ಬಿಗಿಹಿಡಿಯುವವರಿಗೆ ಅದೊಂದು ಸಬೂಬಾದೀತೆಂದು ನನ್ನ ಭಯ.

ಮೊದಲು ನಿಜವಾದ ಅರ್ಧವನ್ನು ನೋಡೋಣ. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿದ್ದ ಏಕಾರ್ನ್ ಕಂಪನಿಯಲ್ಲಿ 1983ರಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬಿಬ್ಬರು ಹೊಸ ಪ್ರೊಸೆಸರಿನ ವಿನ್ಯಾಸಕ್ಕೆ ಕೈಹಾಕಿದರು. ಅವರ ಹಿರಿಯರಾದ ಹರ್ಮನ್ ಹೌಸರ್, ತಾವು ಅವರಿಗೆ ಒದಗಿಸಿದ ಅನುಕೂಲಗಳು ಎರಡೇ, ಹಣವಿಲ್ಲದಿರುವುದು ಮತ್ತು ಜನರಿಲ್ಲದಿರುವುದು ಎಂದು ಮುಂದೆ ವಿನೋದವಾಗಿ ಹೇಳಿಕೊಂಡದ್ದುಂಟು. ಚಿಪ್ಪಿಗೆ ಪಿಂಗಾಣಿಯ ಕವಚ ತೊಡಿಸಿದರೆ ಬೆಲೆ ಏರುತ್ತದೆ; ಅಗ್ಗದ ಪ್ಲಾಸ್ಟಿಕ್ ಕವಚ ತೊಡಿಸಬೇಕಾದರೆ ಅದು ಒಂದು ವಾಟಿಗಿಂತ ಹೆಚ್ಚು ಕಾವು ಹುಟ್ಟಿಸಕೂಡದು. ಎಷ್ಟು ವಿದ್ಯುತ್ತು ಬೇಕಾದೀತೆಂದು ಮುಂಚಿತವಾಗಿ ಲೆಕ್ಕಹಾಕುವ ಸಾಧನಗಳೂ ಅವರಲ್ಲಿರಲಿಲ್ಲ. ಆದುದರಿಂದ ಎಲ್ಲೆಲ್ಲೂ ಕೈಹಿಡಿದೇ ವಿನ್ಯಾಸ ಮಾಡಿದರು. ಟ್ರಾನ್ಸಿಸ್ಟರುಗಳು ಸುಮಾರು 25,000 ಮಾತ್ರ. ಅದೇ 1985ರಲ್ಲಿ ಹೊರಬಂದ ಇಂಟೆಲ್ 80386ರಲ್ಲಿ 2,75,000.

1985ರ ಏಪ್ರಿಲ್ 26ರಂದು ಚಿಪ್ಪು ತಯಾರಾಗಿ ಬಂದಿತು. ಹಲಗೆಗೆ ಜೋಡಿಸಿದರೆ ಮೊದಲ ಸಲವೇ ಓಡಿತು. ಎಷ್ಟು ವಿದ್ಯುತ್ತು ತಿನ್ನುತ್ತದೆಂದು ಅಳೆಯಹೋದಾಗ ಅಮ್ಮೀಟರು ಸೊನ್ನೆಯಿಂದ ಕದಲಲಿಲ್ಲ! ಕಾರಣ ಹುಡುಕಿದರೆ, ಹಲಗೆಯಲ್ಲಿದ್ದ ದೋಷದಿಂದ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ಅಕ್ಕಪಕ್ಕದ ಬಿಡಿಭಾಗಗಳಿಂದ ಸಂಕೇತದ ತಂತಿಗಳ ಮೂಲಕ ಒಸರಿ ಬಂದ ಎಂಜಲು ವಿದ್ಯುತ್ತಿನಲ್ಲೇ ಅದು ಕೆಲಸ ಮಾಡುತ್ತಿತ್ತು. ನಿಜವಾಗಿ ಅದಕ್ಕೆ ಬೇಕಾಗಿದ್ದುದು ಒಂದು ವಾಟಿನ ಹತ್ತನೆಯ ಒಂದು ಭಾಗದಷ್ಟು. ಒಂದು ವಾಟಿನ ಮಿತಿಗೆ ಗುರಿಯಿಟ್ಟವರ ಕೈಗೆ ಸಿಕ್ಕಿದ್ದು ಇದು. ಬ್ಯಾಟರಿಯ ಯೋಚನೆ ಆಗ ಯಾರಿಗೂ ಇರಲಿಲ್ಲ.

ಇನ್ನು ನುಂಗಿಹೋದ ಅರ್ಧ. ಏಕಾರ್ನ್ ಉಳಿದು ಬೆಳೆದದ್ದೇ ಬಿ.ಬಿ.ಸಿ.ಯ ಗಣಕ ಸಾಕ್ಷರತಾ ಯೋಜನೆಯಿಂದ. ಆ ಸಾರ್ವಜನಿಕ ಸಂಸ್ಥೆಯ ಹೆಸರು ಹೊತ್ತು 1981ರಲ್ಲಿ ಬಂದ 'ಬಿ.ಬಿ.ಸಿ. ಮೈಕ್ರೋ' ಶಾಲೆಶಾಲೆಗೂ ಹೋಯಿತು. ಶಾಲೆಗಳು ಗಣಕ ಕೊಳ್ಳಲು ಅರ್ಧ ಬೆಲೆಯನ್ನು ಬ್ರಿಟಿಷ್ ಸರಕಾರ ತೆರುತ್ತಿತ್ತು. ವಿಲ್ಸನ್, ಫರ್ಬರ್ ಇಬ್ಬರೂ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಆಜ್ಞೆಗಳನ್ನು ಕಡಮೆಮಾಡಿ ಸರಳಗೊಳಿಸಿದರೆ ಪ್ರೊಸೆಸರು ಚುರುಕಾಗುತ್ತದೆಂಬ ತತ್ತ್ವವನ್ನು ಅವರು ಅರಿತದ್ದು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ರಬಂಧಗಳಿಂದ. ಡೇವಿಡ್ ಪ್ಯಾಟರ್ಸನ್ ನಡೆಸಿದ ಆ ಸಂಶೋಧನೆಗೆ ಹಣ ಕೊಟ್ಟದ್ದು ಅಮೆರಿಕದ ರಕ್ಷಣಾ ಇಲಾಖೆ. ಪ್ರಬಂಧಗಳು ಎಲ್ಲರಿಗೂ ಓದಲು ದೊರೆಯುತ್ತಿದ್ದವು. ಅರಿಜೋನಕ್ಕೆ ಹೋಗಿ, ಒಂದು ಸಾಧಾರಣ ಮನೆಯಲ್ಲಿ ಕೆಲವೇ ಜನ ಚಿಪ್ಪು ರೂಪಿಸುವುದನ್ನು ಕಣ್ಣಾರೆ ಕಂಡ ಮೇಲೆ, ನಮ್ಮಿಂದಲೂ ಆದೀತು ಎಂಬ ಧೈರ್ಯ ಅವರಿಗೆ ಬಂದಿತು. ಹಾಗಾದರೆ ಇದನ್ನು ಬಡತನವೆನ್ನುವುದು ಹೇಗೆ? ಕೈಯಲ್ಲಿ ಕಾಸಿರಲಿಲ್ಲ, ನಿಜ; ಓದಲು ಗ್ರಂಥಭಂಡಾರವಿತ್ತು, ಹೋಗಿ ನೋಡಿಬರಲು ದಾರಿಯ ಖರ್ಚಿಗೆ ಇತ್ತು.

ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. 1990ರ ನವೆಂಬರಿನಲ್ಲಿ ಏಕಾರ್ನಿನ 12 ಮಂದಿ ಇಂಜಿನಿಯರುಗಳು ಹೊರಬಂದು ಆರ್ಮ್ ಕಂಪನಿಯಾದಾಗ, ಹಳ್ಳಿಯೊಂದರ ಹಳೆಯ ಕಣಜದ ಕಟ್ಟಡವೇ ಅವರ ಕಚೇರಿ. ಇದನ್ನು ಎಲ್ಲರೂ ಹೇಳುತ್ತಾರೆ. ಆಪಲ್ ಕಂಪನಿ ಅದರಲ್ಲಿ 15 ಲಕ್ಷ ಪೌಂಡು ತೊಡಗಿಸಿದ್ದನ್ನು ಹೇಳುವವರು ಕಡಮೆ. ರಾಬಿನ್ ಸ್ಯಾಕ್ಸ್‌ಬಿಯ ಮುಂದಾಳುತನದಲ್ಲಿ ಅವರು ಚಿಪ್ಪು ತಯಾರಿಸುವ ಗೋಜಿಗೆ ಹೋಗದೆ, ವಿನ್ಯಾಸವನ್ನು ಮಾತ್ರ ಪರವಾನಗಿಯ ಮೇಲೆ ಮಾರಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅದನ್ನು ಕೊಂಡಿತು. ನೋಕಿಯಾ 6110 ದೂರವಾಣಿಯೊಳಗೆ ಅದು ಸೇರಿತು. (ಈ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದೂ 1985ರಲ್ಲೇ.)

ಆದರೆ ಸಾರ್ವಜನಿಕರ ಹಣದಿಂದ ಬೆಳೆದ ವಿದ್ಯೆಗೆ ಕಡೆಗೆ ಒಡೆಯರು ಯಾರಾದರು? 2016ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಆರ್ಮನ್ನು 2,430 ಕೋಟಿ ಪೌಂಡಿಗೆ ಕೊಂಡಿತು. ಹೌಸರ್ ಅದನ್ನು ದುಃಖದ ದಿನವೆಂದರು. ಅವರ ದುಃಖ ಬ್ರಿಟನ್ನಿಗಾಗಿ. ನನಗೆ ಮಾರಿದವರ ದೇಶವೂ ಕೊಂಡವರ ದೇಶವೂ ಮುಖ್ಯವಲ್ಲ. ಪ್ರೊಸೆಸರಿಗೆ ಆಜ್ಞೆ ಕೊಡುವ ಶಬ್ದಸಂಪತ್ತು ಒಂದು ಭಾಷೆಯಿದ್ದಂತೆ. ಭಾಷೆಯನ್ನು ಆಡುವುದಕ್ಕೂ ಸುಂಕ ಕೊಡಬೇಕೆಂದರೆ ಭಾಷಾಸಾಹಿತ್ಯ ಓದುವ ನಾವು ಒಪ್ಪುತ್ತೇವೆಯೆ?

ಅದೇ ಬರ್ಕ್ಲಿಯಲ್ಲಿ 2010ರಲ್ಲಿ ಕೆಲವರು ಹೀಗೆಯೇ ಕೇಳಿಕೊಂಡು, ಸುಂಕವಿಲ್ಲದ 'ರಿಸ್ಕ್-ಫೈವ್' ಎಂಬ ಆಜ್ಞಾಭಾಷೆಯನ್ನು ರಚಿಸಿದರು. ಅದರ ಮೇಲೆಯೇ ಮದರಾಸಿನ ಐ.ಐ.ಟಿ.ಯವರು 'ಶಕ್ತಿ' ಪ್ರೊಸೆಸರನ್ನು ಕಟ್ಟಿದರು. 2018ರಲ್ಲಿ ಅದರ ಚಿಪ್ಪು ಚಂಡೀಗಢದ ಬಳಿಯ ಸರಕಾರಿ ಕಾರ್ಖಾನೆಯಲ್ಲಿ ತಯಾರಾಯಿತು. ರಿಸ್ಕ್-ಫೈವ್ ಕೈಪಿಡಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಇತಿಹಾಸದ ವಿದ್ಯಾರ್ಥಿಯಾದ ನಾನು ಮೊದಲ ಅಧ್ಯಾಯವನ್ನು ಓದಿದ್ದೇನೆ. ಎರಡನೆಯದಕ್ಕೆ ವಿಜ್ಞಾನದ ಮಿತ್ರರೊಬ್ಬರು ಜತೆಗೆ ಕುಳಿತರೆ ಉಪಕಾರವಾದೀತು.