ಚಾರ್ಲ್ಸ್‌ಟನ್ ನಗರದ ಅನ್ನದ ಋಣ

ಊಟ ಮುಗಿಸಿ ಎಲೆಯ ಮುಂದಿನಿಂದ ಏಳುವಾಗ ‘ಅನ್ನದಾತಾ ಸುಖೀಭವ’ ಎಂದು ಹರಸುವ ವಾಡಿಕೆ ನಮ್ಮ ಹಿರಿಯರದು. ಆ ಹರಕೆ ಬಡಿಸಿದ ಮನೆಯ ಯಜಮಾನನಿಗೆ ಮಾತ್ರ ಸಲ್ಲತಕ್ಕದ್ದೋ, ಉತ್ತವನಿಗೂ ನಟ್ಟವಳಿಗೂ ಕುಟ್ಟಿದವಳಿಗೂ ಅದರಲ್ಲಿ ಪಾಲುಂಟೋ ಎಂಬ ಜಿಜ್ಞಾಸೆಯನ್ನು ಪಂಕ್ತಿಯಲ್ಲಿ ಕುಳಿತವರಾರೂ ಎತ್ತುವುದಿಲ್ಲ. ಹೊಟ್ಟೆ ತುಂಬಿದವನಿಗೆ ಅಂಥ ಪ್ರಶ್ನೆಗಳು ಹೊಳೆಯುವುದೂ ಅಪರೂಪ. ಅಮೆರಿಕದ ದಕ್ಷಿಣ ಕೆರೊಲಿನಾ ಸಂಸ್ಥಾನದ ಚಾರ್ಲ್ಸ್‌ಟನ್ ನಗರದಲ್ಲಿ, ಬಿಳಿಯ ವಸ್ತ್ರ ಹಾಸಿದ ಮೇಜಿನ ಮುಂದೆ ಕುಳಿತು, ಹೊಟ್ಟಿನ ಹೊಂಬಣ್ಣದಿಂದಾಗಿ ‘ಕೆರೊಲಿನಾ ಗೋಲ್ಡ್’ ಎಂಬ ಹೆಸರು ಪಡೆದ ಅಕ್ಕಿಯ ಅನ್ನವನ್ನು ಉಂಡ ದಿನ ಈ ಪ್ರಶ್ನೆ ನನ್ನ ಬೆನ್ನು ಹತ್ತಿತು. ಆ ಭೋಜನಶಾಲೆಯ ಪಟ್ಟಿಯಲ್ಲಿ ಅಕ್ಕಿಯ ತಳಿಯ ಹೆಸರಿತ್ತು, ಅದನ್ನು ಈಗ ಬೆಳೆಯುವ ಹೊಲದ ಹೆಸರಿತ್ತು, ಸೀಗಡಿಯನ್ನು ಹಿಡಿದು ತಂದ ದೋಣಿಯ ಹೆಸರೂ ಇತ್ತು. ಆ ಬೆಳೆಯನ್ನು ಆ ನೆಲದಲ್ಲಿ ಬೇರೂರಿಸಿದ ಜನರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ನಗರವೇನೋ ಮನೋಹರವಾದುದೇ. ಆಶ್ಲಿ, ಕೂಪರ್ ಎಂಬೆರಡು ನದಿಗಳ ನಡುವೆ ನಾಲಗೆಯಂತೆ ಚಾಚಿದ ನೆಲ ಅದು. ಈ ಎರಡು ನದಿಗಳೂ ಕೂಡಿದ್ದರಿಂದಲೇ ಅಟ್ಲಾಂಟಿಕ್ ಮಹಾಸಾಗರ ಹುಟ್ಟಿತೆಂದು ಅಲ್ಲಿನವರು ತಮ್ಮ ಊರಿನ ಹೆಮ್ಮೆಯನ್ನು ತಾವೇ ಪರಿಹಾಸ್ಯ ಮಾಡಿಕೊಳ್ಳುವುದುಂಟು. 1670ರಲ್ಲಿ ಆಂಗ್ಲರು ಎರಡನೆಯ ಚಾರ್ಲ್ಸ್ ದೊರೆಯ ಹೆಸರಿನಲ್ಲಿ ಆಶ್ಲಿಯ ಪಶ್ಚಿಮದ ದಡದಲ್ಲಿ ನೆಲಸಿ, ಹತ್ತು ವರ್ಷಗಳ ತರುವಾಯ ಈಗಿನ ಸ್ಥಳಕ್ಕೆ ಬಂದರು. 1780ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನೆಗೆ ಶರಣಾದ ಈ ನಗರದ ಮುತ್ತಿಗೆಯಲ್ಲಿದ್ದ ಕಾರ್ನ್‌ವಾಲಿಸನೇ, 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರಿನ ಕೋಟೆಯನ್ನು ಕಿತ್ತುಕೊಂಡವನು ಎಂಬುದನ್ನು ಕನ್ನಡಿಗರು ನೆನೆಯಬಹುದು. ಬೀದಿಗೆ ಮುಖವನ್ನು ಕೊಡದೆ ಪಕ್ಕೆಯನ್ನು ಕೊಟ್ಟು ನಿಂತ, ಒಂದೇ ಕೋಣೆಯಷ್ಟು ಅಗಲವಾದ ಮನೆಗಳು, ಅವುಗಳ ಉದ್ದಕ್ಕೂ ಕಡಲಗಾಳಿಗೆ ತೆರೆದುಕೊಂಡ ಜಗಲಿಗಳು, 1886ರ ಭೂಕಂಪದ ತರುವಾಯ ಗೋಡೆಗಳನ್ನು ಬಿಗಿಯಲು ಹಾಕಿದ ಕಬ್ಬಿಣದ ಸರಳುಗಳ ತುದಿಗಳು, ಇವೆಲ್ಲವೂ ಇಂದಿಗೂ ಕಣ್ಣಿಗೆ ಬೀಳುತ್ತವೆ. ಐತಿಹಾಸಿಕ ಬಡಾವಣೆಯೊಂದನ್ನು ಕಾನೂನಿನಿಂದ ರಕ್ಷಿಸಿದ ಮೊದಲ ಅಮೆರಿಕನ್ ನಗರ ಇದೇ. ಅದು 1931ರ ಮಾತು. ಅಂತರ್ಯುದ್ಧದಲ್ಲಿ ಸೋತ ಬಳಿಕ ಹೊಸದನ್ನು ಕಟ್ಟಲು ಕೈಯಲ್ಲಿ ಕಾಸಿಲ್ಲದೆ ಹೋದುದರಿಂದಲೂ ಹಳೆಯದು ಉಳಿಯಿತೆಂಬುದನ್ನು ಮಾರ್ಗದರ್ಶಿಗಳು ಅಷ್ಟಾಗಿ ಹೇಳುವುದಿಲ್ಲ.

ಆದರೆ ಆ ಜಗಲಿಗಳನ್ನು ಕಟ್ಟಿದ ಹಣ ಬಂದುದು ಬತ್ತದ ಗದ್ದೆಯಿಂದ. 17ನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಬತ್ತ ಬೇರೂರಿತ್ತು. 1708ರಷ್ಟು ಹಿಂದೆಯೇ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆ ಮಿಗಿಲಾಗಿತ್ತು. ಗದ್ದೆಗೆ ನೀರು ಕಟ್ಟುತ್ತಿದ್ದ ಬಗೆ ನಮ್ಮ ರೈತರಿಗೆ ಥಟ್ಟನೆ ತಿಳಿದೀತು. ಉಬ್ಬರದ ಹೊತ್ತಿನಲ್ಲಿ ಕಡಲು ನದಿಯನ್ನು ಹಿಂದಕ್ಕೆ ನೂಕುತ್ತದೆ. ಉಪ್ಪುನೀರು ಭಾರವಾದುದರಿಂದ ಅಡಿಯಲ್ಲಿ ಉಳಿದು, ನದಿಯ ಸಿಹಿನೀರು ಅದರ ಮೇಲೇರಿ ದಡದ ಮಟ್ಟಕ್ಕೆ ಬರುತ್ತದೆ. ಆ ಗಳಿಗೆಯನ್ನು ಕಾದು, ಒಡ್ಡಿನ ತೂಬನ್ನೆತ್ತಿ ಸಿಹಿನೀರನ್ನು ಗದ್ದೆಗೆ ತುಂಬಿಸಿಕೊಂಡು, ಬೇಡವಾದಾಗ ಇಳಿತದ ಹೊತ್ತಿನಲ್ಲಿ ಅದೇ ತೂಬಿನಿಂದ ಹೊರಕ್ಕೆ ಬಿಡುತ್ತಿದ್ದರು. ಕುಮಟೆಯ ಬಳಿ ಅಘನಾಶಿನಿಯ ದಡದ ಗಜನಿ ಭೂಮಿಯಲ್ಲಿ ಕಗ್ಗ ಬತ್ತ ಬೆಳೆಯುವವರಿಗೆ ಉಬ್ಬರವಿಳಿತಗಳ ಈ ಲೆಕ್ಕ ಹೊಸದಲ್ಲ. ಆದರೆ ಕಗ್ಗ ಉಪ್ಪನ್ನು ಸಹಿಸಿಕೊಳ್ಳುವ ತಳಿ. ಕೆರೊಲಿನಾದ ಬತ್ತ ಸಹಿಸದು. ಆದಕಾರಣ ತೂಬಿನ ಕಾವಲಿನವನ ಎಣಿಕೆ ತಪ್ಪಿದರೆ ಪೈರಿಗೇ ಸಂಚಕಾರ.

ಸೈಪ್ರಸ್ ಮರಗಳ ಜೌಗು ಕಾಡನ್ನು ಕಡಿದು, ಮೈಲುಗಟ್ಟಲೆ ಒಡ್ಡುಗಳನ್ನು ಸಲಿಕೆಯಿಂದ ಎತ್ತರಿಸಿ, ಹಾವು ಮೊಸಳೆಗಳ ನಡುವೆ ನಿಂತು ಕಳೆ ಕಿತ್ತವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಸಂತಾನದವರು. ಬೇಸಗೆ ಬಂದೊಡನೆ ಒಡೆಯರು ಚಳಿಜ್ವರಕ್ಕಂಜಿ ನಗರದ ಆ ಗಾಳಿ ಬೀಸುವ ಜಗಲಿಗಳಿಗೆ ಬಂದುಬಿಡುತ್ತಿದ್ದರು. ಗದ್ದೆಯ ಕೆಸರಿನಲ್ಲಿ ನಿಂತವರಿಗೆ ಆ ಆಯ್ಕೆಯಿರಲಿಲ್ಲ. ಬತ್ತದ ವಿದ್ಯೆಯೂ ಅವರೊಡನೆಯೇ ಪಶ್ಚಿಮ ಆಫ್ರಿಕದಿಂದ ಬಂದಿತೆಂದು ಜೂಡಿತ್ ಕಾರ್ನಿ ಎಂಬ ವಿದುಷಿ 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು. ಅಷ್ಟು ದೂರ ಹೋಗಲಾಗದೆನ್ನುವ ಇತಿಹಾಸಕಾರರೂ ಇದ್ದಾರೆ. ನನಗೆ ತೋರುವಮಟ್ಟಿಗೆ, ‘ಅಕ್ಕಿಯ ಕರಾವಳಿ’ಯಿಂದ ಬಂದ ಜನವೆಂದು ಸಾರಿ ಮನುಷ್ಯರನ್ನು ವಿಕ್ರಯಿಸಿದ 18ನೆಯ ಶತಮಾನದ ಚಾರ್ಲ್ಸ್‌ಟನ್ನಿನ ಜಾಹೀರಾತುಗಳು ಈ ವಿವಾದದಲ್ಲಿ ಸಾಕಷ್ಟು ತೂಕದ ಸಾಕ್ಷ್ಯ. ವಿದ್ಯೆಯ ಬಗ್ಗೆ ವಾದವಿದ್ದರೆ ಇರಲಿ. ದುಡಿಮೆ ಯಾರದೆಂಬುದರಲ್ಲಿ ವಾದಕ್ಕೆ ಎಡೆಯಿಲ್ಲ.

ಆ ದುಡಿಮೆಯ ಒಂದು ಕುರುಹು ನಗರದ ಹಳೆಯ ಮಾರುಕಟ್ಟೆಯಲ್ಲಿ ಇಂದಿಗೂ ಉಳಿದಿದೆ. ಗಲ್ಲಾ ಎಂದು ಕರೆಯಿಸಿಕೊಳ್ಳುವ ಆ ಕರಾವಳಿಯ ಕರಿಯ ಜನಾಂಗದ ಹೆಂಗಸರು ಅಲ್ಲಿ ಸುವಾಸನೆಯ ಹುಲ್ಲನ್ನು ಸುರುಳಿ ಸುರುಳಿಯಾಗಿ ಸುತ್ತಿ, ತಾಳೆಯ ಗರಿಯ ಎಳೆಯಿಂದ ಹೊಲಿದು, ಬುಟ್ಟಿಗಳನ್ನು ಮಾಡಿ ಮಾರುತ್ತಾರೆ. ಪ್ರವಾಸಿಗರು ಅವುಗಳಲ್ಲಿ ಹಣ್ಣು ಹೂಗಳನ್ನಿಟ್ಟು ಮನೆಯನ್ನು ಅಲಂಕರಿಸುತ್ತಾರೆ. ಆ ಬುಟ್ಟಿಗಳ ಮೂಲರೂಪ ಅಗಲವಾದೊಂದು ತಟ್ಟೆ. ಒರಳಿನಲ್ಲಿ ಒನಕೆಯಿಂದ ಕುಟ್ಟಿದ ಬತ್ತವನ್ನು ಅದರಲ್ಲಿ ಕೇರಿ ಹೊಟ್ಟನ್ನು ಹಾರಿಸುತ್ತಿದ್ದರು. ಕಂಡೊಡನೆ ನನ್ನ ಬಾಯಿಗೆ ಬಂದ ಮಾತು ‘ಮೊರ’ ಎಂಬುದು. ನಮ್ಮದು ಬಿದಿರಿನದು, ಅವರದು ಹುಲ್ಲಿನದು. ಮಣಿಕಟ್ಟಿನ ಕುಲುಕು ಮಾತ್ರ ಒಂದೇ.

ಇನ್ನು ಪಾನೀಯದ ವಿಚಾರ. ಆ ಕಾಲದ ಚಾರ್ಲ್ಸ್‌ಟನ್ ಶ್ರೀಮಂತರ ಅಭಿಮಾನದ ಮದ್ಯ ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದ ದ್ರಾಕ್ಷಾಸವ. ಹೆಸರನ್ನು ಕೇಳಿ ನಮ್ಮ ‘ಮದಿರಾ’ ಸಮುದ್ರ ದಾಟಿತೆಂದು ಹಿಗ್ಗಬೇಕಾಗಿಲ್ಲ. ಪೋರ್ಚುಗೀಸರ ಮಾತಿನಲ್ಲಿ ಅದಕ್ಕೆ ಮರವೆಂದರ್ಥ, ಕಾಡು ತುಂಬಿದ ದ್ವೀಪಕ್ಕೆ ಅವರಿಟ್ಟ ಹೆಸರು ಅದು. ಯೂರೋಪಿನ ಸರಕೆಲ್ಲ ಇಂಗ್ಲೆಂಡಿನ ಮೂಲಕವೇ ವಸಾಹತುಗಳಿಗೆ ಹೋಗತಕ್ಕದ್ದೆಂದು 1663ರಲ್ಲಿ ವಿಧಿಸಿದ ಕಾನೂನು ಈ ಮದ್ಯಕ್ಕೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಅದು ನೇರವಾಗಿ ಬಂದಿಳಿಯುತ್ತಿತ್ತು. ಬೇರೆ ಮದ್ಯಗಳನ್ನು ಕೆಡಿಸುವ ಸೆಕೆಯೂ ಹಡಗಿನ ಕುಲುಕಾಟವೂ ಇದನ್ನು ಹದಗೊಳಿಸುತ್ತಿದ್ದುವೆಂಬುದು ವಿಚಿತ್ರ. ಆ ಗುಣವನ್ನು ಅರಿತ ವರ್ತಕರು ಪೀಪಾಯಿಗಳನ್ನು ಬೇಕೆಂದೇ ಹಿಂದೂದೇಶದ ಕಡೆಗೆ ಕಳುಹಿಸಿ ಮರಳಿ ತರಿಸುತ್ತಿದ್ದುದೂ ಉಂಟು. ಉಳಿದವರು ಮದ್ಯವನ್ನು ನೆಲಮಾಳಿಗೆಯಲ್ಲಿಟ್ಟರೆ ಚಾರ್ಲ್ಸ್‌ಟನ್ನಿನವರು ಇದನ್ನು ಬಿಸಿಯೇರಿದ ಅಟ್ಟದಲ್ಲಿಡುತ್ತಿದ್ದರು. ಕಡೆಗೆ 19ನೆಯ ಶತಮಾನದ ನಡುವಿನಲ್ಲಿ ಬೂಷ್ಟುರೋಗವೂ ಅದರ ಹಿಂದೆಯೇ ಬೇರನ್ನು ತಿನ್ನುವ ಹೇನೂ ಆ ದ್ವೀಪದ ಬಳ್ಳಿಗಳನ್ನು ಹಾಳುಮಾಡಿದುವು. ಇತ್ತ ಗದ್ದೆಯ ಸಿರಿಯೂ ಇಳಿಯಿತು. ನಾನು ರುಚಿನೋಡಿದ್ದು ಒಂದು ಗುಟುಕು ಮಾತ್ರ. ಸುಟ್ಟ ಸಕ್ಕರೆಯ ಕಂಪು, ಹುಣಿಸೆಯನ್ನು ನೆನಪಿಸುವ ಹುಳಿ, ಕೆಟ್ಟದ್ದೆಂದು ಹೇಳಲಾರೆ.

ಆದೊಡೆ ನಗರದ ನಿಜವಾದ ರುಚಿ ಬಡವರ ಒಲೆಯಿಂದ ಬಂದುದು. ಅಕ್ಕಿಗೆ ಅಲಸಂದೆಯ ಬಳಗದ ಕಾಳನ್ನು ಬೆರೆಸಿ ಹೊಸ ವರ್ಷದ ಮೊದಲ ದಿನ ತಪ್ಪದೆ ಉಣ್ಣುವ ‘ಹಾಪಿನ್ ಜಾನ್’, ಟೊಮ್ಯಾಟೊ ಹಾಕಿದ ಕೆಂಪನ್ನ, ಹೆಸರಿನಿಂದಲೇ ನಮ್ಮ ಪಲಾವಿನ ದಾಯಾದಿಯಾದ ‘ಪರ್ಲೂ’, ಬೆಂಡೆಕಾಯಿಯ ಸಾರು, ಇವೆಲ್ಲ ಆಫ್ರಿಕದ ಕೈಗಳು ಕಲಸಿದವು. ಮುಸುಕಿನ ಜೋಳದ ನುಚ್ಚಿನ ಗಂಜಿಗೆ ಸೀಗಡಿ ಹಾಕಿದ್ದು ಮೊದಲು ಮೀನುಗಾರರ ಬೆಳಗಿನ ಆಹಾರ. ಇಂದು ಅದರ ಬೆಲೆಯನ್ನು ಮೀನುಗಾರನು ತೆರಲಾರ. ‘ಬೆನ್ನೆ’ ಎಂಬ ಹೆಸರಿನ ತೆಳುವಾದ ಬಿಸ್ಕತ್ತನ್ನು ತಂದಿಟ್ಟಾಗ ನಾನು ಬೆಣ್ಣೆಯನ್ನು ನಿರೀಕ್ಷಿಸಿದೆ. ಬಾಯಿಗೆ ಸಿಕ್ಕಿದ್ದು ಎಳ್ಳು. ಪಶ್ಚಿಮ ಆಫ್ರಿಕದ ಮಾತುಗಳಲ್ಲಿ ಎಳ್ಳಿಗೆ ಆ ಹೆಸರು. ಒಡೆಯರು ಜನರ ಹೆಸರುಗಳನ್ನು ಬದಲಿಸಿದರು. ಎಳ್ಳಿನ ಹೆಸರನ್ನು ಬದಲಿಸಲು ಮರೆತರು.

ಊಟದ ಹೊತ್ತಿನಲ್ಲಿ ಇಂಥ ದುಃಖದ ಪುರಾಣವೇಕೆ, ಆದುದು ಆಗಿಹೋಯಿತು, ಎನ್ನುವವರು ಆ ಊರಿನಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ನಾನು ಉಪವಾಸ ಮಾಡಿರೆಂದು ಹೇಳುತ್ತಿಲ್ಲ. ಅಷ್ಟು ರುಚಿಯಾದ ಅಡುಗೆಯನ್ನು ಬಿಟ್ಟೇಳುವುದೂ ಅದನ್ನು ಕಲಿಸಿದವರಿಗೆ ಅಗೌರವವೇ. ತಳಿಯನ್ನು ಹೆಸರಿಸುವ ಪಟ್ಟಿಯಲ್ಲಿ ಜನರನ್ನು ಹೆಸರಿಸಲು ಒಂದು ಸಾಲು ಸಾಕು. ಆ ಒಂದು ಸಾಲಿಗೆ ಸ್ಥಳವಿಲ್ಲವೆನ್ನುವುದು ಕೃತಘ್ನತೆಯಲ್ಲದೆ ಬೇರೆಯಲ್ಲ. ನಮ್ಮ ಬಾಸುಮತಿ, ಸಣ್ಣಕ್ಕಿಗಳ ಗುಣಗಾನ ಮಾಡುವಾಗ ಗದ್ದೆಯಲ್ಲಿ ಜೀತಕ್ಕೆ ದುಡಿದವರ ಮಾತನ್ನು ನಾವೆಷ್ಟು ಮಂದಿ ಎತ್ತಿದ್ದೇವೆಂದು ಯಾರಾದರೂ ಕೇಳಿದರೆ, ನಾನು ತಲೆ ತಗ್ಗಿಸಬೇಕಾದೀತು. ಹಾಗೆಂದು ಇಲ್ಲಿಯ ತಪ್ಪು ಅಲ್ಲಿಯ ತಪ್ಪಿಗೆ ಸಮಾಧಾನವಾಗದು.

ನಗರ ಸುಮ್ಮನೆ ಕುಳಿತಿದೆಯೆಂದರೆ ಅನ್ಯಾಯವಾದೀತು. 2018ರ ಜೂನ್‌ನಲ್ಲಿ ಅದರ ನಗರಸಭೆ ಗುಲಾಮಗಿರಿಗಾಗಿ ಕ್ಷಮೆ ಯಾಚಿಸಿ ನಿರ್ಣಯ ಮಾಡಿತು. ಪರವಾಗಿ 7 ಮತಗಳು, ವಿರೋಧವಾಗಿ 5. ಉತ್ತರ ಅಮೆರಿಕಕ್ಕೆ ತಂದ ಆಫ್ರಿಕನ್ನರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಜನ ಕಾಲಿಟ್ಟದ್ದು ಈ ಬಂದರಿನಲ್ಲಿ; ಅವರಲ್ಲಿ ಬಹುಮಂದಿ ಇಳಿದ ಗ್ಯಾಡ್ಸ್‌ಡನ್ ಧಕ್ಕೆಯ ಮೇಲೆ 2023ರ ಜೂನ್‌ನಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಆ ನೆಲವನ್ನು ಮುಟ್ಟದಂತೆ ಕಟ್ಟಡವನ್ನು 13 ಅಡಿ ಎತ್ತರದ ಕಂಬಗಳ ಮೇಲೆ ನಿಲ್ಲಿಸಿದ್ದಾರೆ.

ಕೆರೊಲಿನಾ ಸೀಮೆಯಲ್ಲಿ ನೆಲಸಿದ ಮಕ್ಕಳನ್ನು ನೋಡಲು ಇಲ್ಲಿಂದ ಹೋಗುವ ತಂದೆತಾಯಿಗಳು ಕಡಲು ನೋಡುವ ನೆಪದಲ್ಲಿ ಚಾರ್ಲ್ಸ್‌ಟನ್ನಿಗೂ ಹೋಗುವುದುಂಟು. ಅಂಥವರಲ್ಲಿ ನನ್ನದೊಂದು ಬಿನ್ನಹ. ಬೆಳಿಗ್ಗೆ ಮೊದಲು ಆ ಧಕ್ಕೆಗೆ ಹೋಗಿರಿ. ಅಲ್ಲಿಂದ ಮಾರುಕಟ್ಟೆಗೆ ನಡೆದು ಬುಟ್ಟಿ ಹೊಲಿಯುವ ಹೆಂಗಸರ ಬಳಿ ಸ್ವಲ್ಪ ಹೊತ್ತು ನಿಲ್ಲಿರಿ. ಕೊಳ್ಳುವುದಾದರೆ ಚೌಕಾಸಿ ಮಾಡಬೇಡಿರಿ, ದೊಡ್ಡ ಬುಟ್ಟಿಯೊಂದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಊಟಕ್ಕೆ ಆಮೇಲೆ ಕುಳಿತುಕೊಳ್ಳಿರಿ.