ಪರರಿಗಾಗಿ ಬೇಡುವ ಹೊಣೆ

ಕೋವಿಡ್‌ನಿಂದ ದೇಶದ ಮೊದಲ ಸಾವು ಕಂಡ ಊರು ಕಲಬುರಗಿ. ಅದು 2020ರ ಮಾರ್ಚ್. ಅದೇ ತಿಂಗಳ 27ರಂದು ಪೋಪ್ ಫ್ರಾನ್ಸಿಸ್ ಮಳೆ ಸುರಿಯುತ್ತಿದ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಲೋಕಕ್ಕಾಗಿ ಬೇಡಿದರು. ಬೇಡಿದರೆ ರೋಗ ನಿಂತೀತೇ, ಯುದ್ಧ ನಿಂತೀತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪರರಿಗಾಗಿ ಬೇಡುವ ಈ ಮಧ್ಯಸ್ಥ ಪ್ರಾರ್ಥನೆ ಮೊದಲು ತಿದ್ದುವುದು ಬೇಡುವವರನ್ನು. ಗುಡ್ ಫ್ರೈಡೆಯಂದು ಕಥೋಲಿಕ ಚರ್ಚುಗಳಲ್ಲಿ ಸಲ್ಲಿಸುವ 10 ಬಿನ್ನಹಗಳಲ್ಲಿ ಆಳುವವರಿಗೂ, ಸಂಕಟದಲ್ಲಿರುವವರಿಗೂ, ದೇವರನ್ನೇ ನಂಬದವರಿಗೂ ಪಾಲಿದೆ. ಯಾರ ಒಳಿತನ್ನು ಮನಸಾರೆ ಬೇಡಿದೆವೋ ಅವರನ್ನು ದ್ವೇಷಿಸುವುದು ಕಷ್ಟ. ಇದೆಲ್ಲ ಬರೀ ಮಾತು ಎನ್ನುವವರಿಗೆ ಉತ್ತರ ಬೈಬಲ್ಲಿನಲ್ಲೇ ಇದೆ: ಹಸಿದವನಿಗೆ ಏನನ್ನೂ ಕೊಡದೆ ಸಮಾಧಾನದಿಂದ ಹೋಗೆನ್ನುವುದನ್ನು ಯಾಕೋಬನ ಪತ್ರಿಕೆ ಖಂಡಿಸುತ್ತದೆ. ಗಾಜಾ, ಉಕ್ರೇನಿಗಾಗಿ ಕಲಬುರಗಿಯಲ್ಲಿ ಮೊಣಕಾಲೂರುವವರು, ಅತಿವೃಷ್ಟಿಗೆ ಬೆಳೆ ಹಾಳಾದ ವರ್ಷ ತಮ್ಮದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಮನೆಗೂ ನೆರವು ಹಿಡಿದು ಹೋಗಲಿ.