ಮನೆವಾರ್ತೆ: ಬೇಸ್ ಗಿಟಾರಿನ ತಂತಿಯ ಆಯುಷ್ಯ

ವಾದ್ಯವೊಂದನ್ನು ಮನೆಗೆ ತರುವುದು ಒಂದೇ ಸಲದ ವೆಚ್ಚವೆಂದು ಗೃಹಸ್ಥರು ಭಾವಿಸುವುದುಂಟು. ಅದರ ಪೋಷಣೆಯ ವೆಚ್ಚವು ಬೇರೆಯೇ ಇದೆಯೆಂಬುದು ಕೆಲವು ತಿಂಗಳು ಕಳೆದ ಮೇಲೆ ತಿಳಿಯುತ್ತದೆ. ಬೇಸ್ ಗಿಟಾರನ್ನು ಅಭ್ಯಾಸಮಾಡುವ ಮಕ್ಕಳಿರುವ ಮನೆಯಲ್ಲಿ ಒಂದು ಪ್ರಶ್ನೆಯು ಏಳದೆ ಇರದು: ತಂತಿಗಳನ್ನು ಎಷ್ಟು ಕಾಲಕ್ಕೊಮ್ಮೆ ಬದಲಿಸಬೇಕು? ಕಡಿಯದ ತಂತಿಯನ್ನು ತೆಗೆದೆಸೆಯುವುದು ದುಂದುಗಾರಿಕೆಯೆಂದು ಹಿರಿಯರು ಹೇಳುವರು. ನಾದವೇ ಸತ್ತುಹೋಗಿದೆಯೆಂದು ಕಿರಿಯರು ಹೇಳುವರು. ಇದರ ನಾಲ್ಕು ತಂತಿಗಳ ಬೆಲೆಯು ಸಾಮಾನ್ಯ ಗಿಟಾರಿನ ಆರು ತಂತಿಗಳ ಬೆಲೆಗಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ, ಈ ವಿವಾದವನ್ನು ಅಲ್ಪವೆಂದು ತಳ್ಳಿಬಿಡುವಂತಿಲ್ಲ. ಈ ತಿಂಗಳು ನಾವು ಇದನ್ನೇ ವಿಚಾರಿಸುವೆವು.

ಕಡಿಯದ ತಂತಿಯೂ ಮುಪ್ಪಾಗುತ್ತದೆಯೆಂಬುದು ನಿಜವೇ. ಈ ತಂತಿಯ ನಡುವೆ ಉಕ್ಕಿನ ಕಂಬಿಯೊಂದಿದ್ದು, ಅದರ ಸುತ್ತಲೂ ಉಕ್ಕಿನ ಅಥವಾ ನಿಕ್ಕಲಿನ ಕಂಬಿಯನ್ನು ಒತ್ತಾಗಿ ಸುತ್ತಿರುತ್ತಾರೆ. ನುಡಿಸುವವನ ಬೆರಳಿನ ಬೆವರು, ಜಿಡ್ಡು, ಚರ್ಮದ ಹೊಟ್ಟು ಇವೆಲ್ಲವೂ ಆ ಸುತ್ತುಗಳ ಸಂದುಗಳಲ್ಲಿ ಸೇರಿಕೊಳ್ಳುತ್ತವೆ. ಅತ್ಯಂತ ಮಂದ್ರದ ತಂತಿಯು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುವಾಗ, ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಸೂಕ್ಷ್ಮನಾದಗಳೂ ಜತೆಯಲ್ಲಿ ಹುಟ್ಟುತ್ತವೆ. ತಂಬೂರಿಯ ಬಳಿ ಕುಳಿತು ಕೇಳಿದವರಿಗೆ ಇವು ಅಪರಿಚಿತವಲ್ಲ. ಸಂದುಗಳಲ್ಲಿ ಸೇರಿದ ಕೊಳೆಯು ಮೊದಲು ಅಡಗಿಸುವುದು ಈ ಸೂಕ್ಷ್ಮನಾದಗಳನ್ನು. ಆಗ ನಾದದ ಹೊಳಪು ಹೋಗಿ ಮೊದ್ದುದನಿಯೊಂದೇ ಉಳಿಯುತ್ತದೆ.

ಇದಕ್ಕಿಂತಲೂ ಗುರುತರವಾದ ದೋಷ ಇನ್ನೊಂದುಂಟು. ಲೋಹದ ಮೆಟ್ಟಿಲುಗಳ ಮೇಲೆ ಪದೇ ಪದೇ ಒತ್ತಲ್ಪಟ್ಟು ತಂತಿಯು ಅಲ್ಲಲ್ಲಿ ಸವೆಯುತ್ತದೆ. ಒಂದೆಡೆ ಸವೆದು ಇನ್ನೊಂದೆಡೆ ಕೊಳೆ ಸೇರಿದ ತಂತಿಯ ತೂಕವು ಉದ್ದಕ್ಕೂ ಸಮನಾಗಿರುವುದಿಲ್ಲ. ಅಂತಹ ತಂತಿಯು ಬಿಡಿಯಾಗಿ ಮೀಟಿದಾಗ ಶ್ರುತಿಯಲ್ಲಿದ್ದರೂ, ಮೇಲಿನ ಮೆಟ್ಟಿಲುಗಳಲ್ಲಿ ತಪ್ಪುಸ್ವರವನ್ನೇ ಕೊಡುತ್ತದೆ. ಪಾಪ, ಕಲಿಯುವ ಬಾಲಕನಿಗೆ ಇದು ತಿಳಿಯದು. ತನ್ನ ಕಿವಿಯೇ ಸರಿಯಿಲ್ಲವೆಂದು ಅವನು ನಂಬುತ್ತಾನೆ. ಸುತ್ತಲಿನವರೂ ಹಾಗೆಯೇ ಹೇಳುತ್ತಾರೆ. ತಂತಿಯ ದೋಷವನ್ನು ಮಗುವಿನ ತಲೆಗೆ ಕಟ್ಟಿ, ಅದರ ಉತ್ಸಾಹವನ್ನು ಕುಗ್ಗಿಸುವುದು ಹೊಸ ತಂತಿಯ ಬೆಲೆಗಿಂತ ದೊಡ್ಡ ನಷ್ಟವೆಂದು ನಮ್ಮ ಮತ.

ಪರೀಕ್ಷಿಸುವ ಕ್ರಮವು ಸುಲಭವಾಗಿದೆ. ೧೨ನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಬರುತ್ತದೆ. ಅಲ್ಲಿ ಬೆರಳನ್ನು ಒತ್ತದೆ ಸುಮ್ಮನೆ ತಗುಲಿಸಿ ಒಮ್ಮೆ ಮೀಟಬೇಕು; ಬಳಿಕ ಅಲ್ಲಿಯೇ ಒತ್ತಿ ಹಿಡಿದು ಮೀಟಬೇಕು. ಎರಡೂ ಒಂದೇ ಸ್ವರವಾಗಿರತಕ್ಕುದು. ಹಿಂದೆ ಹೊಂದುತ್ತಿದ್ದುದು ಈಗ ಹೊಂದದಿದ್ದರೆ ಮೊದಲು ತಂತಿಯನ್ನೇ ಸಂಶಯಿಸಬೇಕು. ಹೊಸ ತಂತಿಯಲ್ಲಿಯೂ ಹೊಂದದಿದ್ದರೆ, ಕುದುರೆಯನ್ನು ಸರಿಪಡಿಸಲು ವಾದ್ಯ ರಿಪೇರಿ ಮಾಡುವವರಲ್ಲಿಗೆ ಒಯ್ಯುವುದು ಲೇಸು.

ಹಾಗಾದರೆ ಕಾಲಾವಧಿಯೆಷ್ಟು? ಈ ವಿಷಯದಲ್ಲಿ ಪ್ರಸಿದ್ಧರೇ ಭಿನ್ನಮಾರ್ಗಿಗಳಾಗಿದ್ದರು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ (೧೯೩೬–೧೯೮೩) ಅವರು ತಂತಿ ಕಡಿದಲ್ಲದೆ ಅದನ್ನು ಬದಲಿಸುತ್ತಿರಲಿಲ್ಲವೆಂದು ಪ್ರಸಿದ್ಧಿ. ಅವರದು ಚಪ್ಪಟೆ ಕಂಬಿಯನ್ನು ಸುತ್ತಿದ ದಪ್ಪ ತಂತಿ. ಅದರ ಮೈ ನುಣುಪು. ಕೊಳೆ ಸೇರುವ ಸಂದು ಕಡಿಮೆ. ಹಳೆಯದಾದಷ್ಟೂ ಗುಂಡನೆಯ ದನಿ. ಅವರಿಗೆ ಬೇಕಾಗಿದ್ದುದೂ ಅದೇ. ಇಂಗ್ಲೆಂಡಿನ 'ದಿ ಹೂ' ತಂಡದ ಜಾನ್ ಎಂಟ್‌ವಿಸಲ್ (೧೯೪೪–೨೦೦೨) ಅವರಿಗಾದರೋ ಪಿಯಾನೋವಿನಂತೆ ಝೇಂಕರಿಸುವ ನಾದ ಬೇಕಾಗಿತ್ತು. ೧೯೬೫ರಲ್ಲಿ ಅವರು ಬಳಸುತ್ತಿದ್ದ ಒಂದು ವಾದ್ಯದ ತಂತಿ ಕಡಿದಾಗ, ಅದಕ್ಕೆ ಬಿಡಿ ತಂತಿ ದೊರೆಯದೆ ಹೊಸ ವಾದ್ಯವನ್ನೇ ಕೊಂಡರೆಂದು ಅವರೇ ಹೇಳಿಕೊಂಡಿದ್ದರು. ಮರುವರ್ಷ ರೋಟೋಸೌಂಡ್ ಎಂಬ ತಯಾರಕರೊಡನೆ ಸೇರಿ, ದುಂಡು ಕಂಬಿ ಸುತ್ತಿದ ತಂತಿಗಳನ್ನು ತಮಗೊಪ್ಪುವಂತೆ ಸಿದ್ಧಪಡಿಸಿಕೊಂಡರು.

ಇದರಿಂದ ನಮಗೆ ದೊರೆಯುವ ನೀತಿಯಿಷ್ಟು: ಮೊದಲು ಬೇಕಾದ ನಾದವನ್ನು ನಿಶ್ಚಯಿಸಿಕೊಳ್ಳಬೇಕು. ಚಪ್ಪಟೆ ಸುತ್ತಿನ ತಂತಿಗಳು ವರ್ಷಗಟ್ಟಲೆ ಬಾಳುವುವು. ದುಂಡು ಸುತ್ತಿನ ತಂತಿಗಳನ್ನು ದಿನವೂ ನುಡಿಸುವವರು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸುತ್ತಾರೆ. ವಾರಕ್ಕೆ ಒಂದೆರಡು ಸಲ ನುಡಿಸುವವರಿಗೆ ವರ್ಷಕ್ಕೊಮ್ಮೆ ಸಾಕಾಗಬಹುದು. ಕೈ ಹೆಚ್ಚು ಬೆವರುವವರಿಗೂ, ಕರಾವಳಿಯಂತಹ ತೇವದ ಹವೆಯಲ್ಲಿರುವವರಿಗೂ ಈ ಅವಧಿಯು ತಗ್ಗುತ್ತದೆ. ತುಕ್ಕು ಹಿಡಿದು ಬೆರಳಿಗೆ ಒರಟಾದ ತಂತಿಯನ್ನು ಮಾತ್ರ ಯಾರೂ ಇಟ್ಟುಕೊಳ್ಳಬಾರದು. ಅದು ಬೆರಳನ್ನೂ ಮೆಟ್ಟಿಲನ್ನೂ ಕೆಡಿಸುತ್ತದೆ.

ಮಿತವ್ಯಯಿಗಳಿಗೆ ಉಪಾಯಗಳಿಲ್ಲದೆ ಇಲ್ಲ. ನುಡಿಸುವ ಮೊದಲು ಕೈ ತೊಳೆಯುವುದು, ನುಡಿಸಿದ ಮೇಲೆ ಒಣಬಟ್ಟೆಯಿಂದ ಪ್ರತಿ ತಂತಿಯನ್ನೂ ಒರೆಸುವುದು, ಇವೆರಡೇ ಅದರ ಆಯುಷ್ಯವನ್ನು ಬಹಳ ಹೆಚ್ಚಿಸುವುವು. ದುಂಡು ಸುತ್ತಿನ ಹಳೆಯ ತಂತಿಯನ್ನು ಬಿಚ್ಚಿ, ಅಡಿಗೆಗೆ ಬಳಸದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ತೇವವುಳಿಯದಂತೆ ಚೆನ್ನಾಗಿ ಒಣಗಿಸಿದರೆ ಕೊಳೆ ಬಿಟ್ಟು ಹೊಳಪು ಮರಳುತ್ತದೆ. ಆದರೆ ಅದು ಕೆಲವೇ ದಿನಗಳ ಮಾತು. ಸವೆದುದು ಕುದಿಸಿದರೆ ತುಂಬಿಬರುವುದಿಲ್ಲ. ಬಿಚ್ಚಿ ಕಟ್ಟುವುದನ್ನು ಪದೇ ಪದೇ ಮಾಡಿದರೆ ಬಿರಡೆಯ ಬಳಿ ತಂತಿಯು ಕಡಿಯುವ ಭಯವೂ ಉಂಟು. ತುದಿಗಳಿಗೆ ದಾರ ಸುತ್ತಿದ ತಂತಿಗಳನ್ನಂತೂ ಕುದಿಸಕೂಡದು.

ಹೊಸದನ್ನು ಕಟ್ಟುವಾಗ ನಾಲ್ಕನ್ನೂ ಒಮ್ಮೆಗೇ ಸಡಿಲಿಸದೆ ಒಂದೊಂದಾಗಿ ಬದಲಿಸುವುದು ಕ್ಷೇಮ. ಒಬ್ಬ ಪ್ರೌಢ ಮನುಷ್ಯನ ತೂಕದಷ್ಟು ಸೆಳೆತವು ವಾದ್ಯದ ಕೊರಳಿನ ಮೇಲಿರುತ್ತದೆ. ಕಟ್ಟಿದ ತಾರೀಖನ್ನು ತಂತಿಯ ಲಕೋಟೆಯ ಮೇಲೆ ಬರೆದು ವಾದ್ಯದ ಪೆಟ್ಟಿಗೆಯಲ್ಲಿಡಿರಿ. ಎರಡು ಮೂರು ಸಲ ಹೀಗೆ ಬರೆದಿಟ್ಟರೆ ನಿಮ್ಮ ಮನೆಯ ಹವೆಗೆ, ನಿಮ್ಮ ಮಗುವಿನ ಕೈಗೆ ತಂತಿಯು ಎಷ್ಟು ತಿಂಗಳು ಬಾಳುವುದೆಂಬುದು ತಾನಾಗಿಯೇ ತಿಳಿಯುವುದು. ಮನೆಯ ಖರ್ಚಿನ ಪಟ್ಟಿಯಲ್ಲಿ ಅದಕ್ಕೊಂದು ಸಾಲನ್ನೂ ಮುಂಚೆಯೇ ಬರೆದಿಡಬಹುದು.